ಮೂವತ್ತು ಪರ್ಸೆಂಟ್ ಜಾಗ ಖಾಲಿ ಇದೆ, ಆದ್ರೂ ಬಿ37! ಡೇಟಾಸೆಟ್ ಜಾಗದ ಮೇಲೆ ನೀವು ಹೇಗೆ ಕಣ್ಣಿಡುತ್ತೀರಿ?

ರಾತ್ರಿಪಾಳಿ

ನಮ್ಮ ಐಬಿಎಂ ಮೇನ್‌ಫ್ರೇಮಿನಲ್ಲಿ ತಿಂಗಳ ಕೊನೆಯ ಬ್ಯಾಚ್ ಜಾಬ್ ನಿನ್ನೆ ರಾತ್ರಿ ಎರಡೂವರೆಗೆ ಬಿತ್ತು. ಮೆಸೇಜ್ ಐಇಸಿ030ಐ, ಕೋಡ್ ಬಿ37-04, ಅಂದರೆ ಬರೆಯುತ್ತಿದ್ದ ಡೇಟಾಸೆಟ್ಟಿಗೆ (ಫೈಲಿಗೆ) ಜಾಗ ಸಾಲಲಿಲ್ಲ. ಸೆಕೆಂಡರಿ (ಮೊದಲು ಕೊಡುವ ಪ್ರೈಮರಿ ಜಾಗ ತುಂಬಿದ ಮೇಲೆ ಕಂತಿನಲ್ಲಿ ಸಿಗುವ ಜಾಗ) ಜಾಸ್ತಿ ಮಾಡಿ ಮತ್ತೆ ಓಡಿಸಿದೆ, ಹೋಯಿತು. ಅದು ಬಿಡಿ, ಎಲ್ಲರೂ ಮಾಡುವುದೇ. ನನ್ನ ತಲೆ ತಿನ್ನುತ್ತಿರುವುದು ಬೇರೆ.

ಬೆಳಗ್ಗೆ ಸ್ಟೋರೇಜ್ ತಂಡವನ್ನು ಕೇಳಿದೆ. "ನಿಮ್ಮ ಸ್ಟೋರೇಜ್ ಗ್ರೂಪಿನಲ್ಲಿ (ಡಿಸ್ಕ್ ವಾಲ್ಯೂಮುಗಳ ಗುಂಪು) ಮೂವತ್ತು ಪರ್ಸೆಂಟ್ ಖಾಲಿ ಇದೆ, ನಮ್ಮ ಕಡೆ ತೊಂದರೆ ಇಲ್ಲ" ಅಂದರು. ಇನ್ನೂ ವಿಚಿತ್ರ ಅಂದ್ರೆ, ಹೋದ ತಿಂಗಳು ಇದೇ ಫೈಲಿಗೆ 1,42,000 ರೆಕಾರ್ಡ್ ಬರೆದಿತ್ತು, ಏನೂ ಆಗಿರಲಿಲ್ಲ. ಈ ತಿಂಗಳು ಒಟ್ಟು 1,38,000 ಅಷ್ಟೇ. ಕಮ್ಮಿ ರೆಕಾರ್ಡ್, ಅದೇ ಜೆಸಿಎಲ್ (ಜಾಬ್ ಓಡಿಸುವ ಸೂಚನೆಗಳು), ಆದರೂ ಬಿತ್ತು! ಪ್ರೈಮರಿ 50 ಸಿಲಿಂಡರ್ (ಡಿಸ್ಕ್ ಜಾಗದ ಅಳತೆ), ಸೆಕೆಂಡರಿ 5, ಕೊನೆಗೆ ಆರ್‌ಎಲ್‌ಎಸ್‌ಇ (ಉಳಿದ ಜಾಗ ವಾಪಸ್ ಕೊಡು ಅನ್ನುವುದು) ಇದೆ. ಮೂರು ವರ್ಷದಿಂದ ಯಾರೂ ಮುಟ್ಟಿಲ್ಲ.

ಎರಡು ಪ್ರಶ್ನೆ. ಒಂದು, ಇದು ಹೇಗೆ ಸಾಧ್ಯ? ಇನ್ನೊಂದು, ಬೀಳುವ ಮೊದಲೇ ಗೊತ್ತಾಗುವ ಹಾಗೆ ನೀವು ಏನು ಮಾಡಿಕೊಂಡಿದ್ದೀರಿ?

ಖಾಲಿಜಾಗ

ಸುಮ್ನೆ 500, 500 ಹಾಕಿ ಮಲಗಿ. ಡಿಸ್ಕ್ ಈಗ ಯಾವ ಲೆಕ್ಕ? ಇಷ್ಟಕ್ಕೆಲ್ಲ ರಾತ್ರಿ ಎದ್ದು ಕೂರುವುದು ನಮ್ಮ ಬುದ್ಧಿಗೇ ಅವಮಾನ.

ಹಳೇಜೆಸಿಎಲ್

ಖಾಲಿಜಾಗ ಅವರೇ, ನಿಮ್ಮಂಥವರಿಂದಲೇ ಉಳಿದವರಿಗೆ ಬಿ37 ಬರುವುದು.

ರಾತ್ರಿಪಾಳಿ, ಬಿದ್ದ ಫೈಲ್ ಇದೆಯಾ, ಹೋಯಿತಾ? ಜೆಸಿಎಲ್‌ನ ಡಿಸ್ಪ್‌ನಲ್ಲಿ (ಫೈಲನ್ನು ಏನು ಮಾಡಬೇಕು ಅನ್ನುವ ಸೂಚನೆ) ಮೂರನೇ ಜಾಗದಲ್ಲಿ ಡಿಲೀಟ್ ಅಂತ ಇದ್ದರೆ ಅಬೆಂಡ್ ಆದ (ಜಾಬ್ ಬಿದ್ದ) ಕೂಡಲೇ ಸಾಕ್ಷಿಯೂ ಮಾಯ. ಫೈಲ್ ಇದ್ದರೆ ಐಎಸ್‌ಪಿಎಫ್ 3.4ರಲ್ಲಿ (ಫೈಲ್ ಪಟ್ಟಿಯ ಪರದೆ) ಹೆಸರು ಕೊಟ್ಟು ಟ್ರ್ಯಾಕ್ ಎಷ್ಟು, ಎಕ್ಸ್‌ಟಿ ಎಷ್ಟು ಅಂತ ಇಲ್ಲಿ ಹಾಕಿ. ಊಹೆ ಮಾಡುವುದು ಬೇಡ.

ಹೊಸಬ_80

ಎಕ್ಸ್‌ಟಿ ಅಂದರೆ ಏನು ಸರ್? ನಾನು ಸೇರಿ ನಾಲ್ಕು ತಿಂಗಳಾಯಿತು. ಬಿ37, ಡಿ37, ಇ37 ಮೂರೂ ಒಂದೇ ಅಂತ ನಮ್ಮ ಸೀನಿಯರ್ ಹೇಳಿದ್ದರು.

ಟ್ರ್ಯಾಕ್‌ಲೆಕ್ಕ

ಮೂರೂ ಜಾಗದ ತಕರಾರೇ, ಆದರೆ ಒಂದೇ ಅಲ್ಲ. ನಾನು ಸ್ಟೋರೇಜ್ ಕಡೆಯವಳು, ಹಾಗಾಗಿ ದಿನಾ ನೋಡುತ್ತೇನೆ.

ಡಿ37 ಅಂದರೆ ನೀವು ಸೆಕೆಂಡರಿಯನ್ನೇ ಕೇಳಿಲ್ಲ, ಪ್ರೈಮರಿ ತುಂಬಿತು, ಮುಗಿಯಿತು. ಬಿ37 ಅಂದರೆ ಸೆಕೆಂಡರಿ ಇತ್ತು, ಕೊಡುತ್ತಲೂ ಹೋದೆವು, ಕೊನೆಗೆ ಒಂದೋ ವಾಲ್ಯೂಮಿನಲ್ಲಿ ಜಾಗ ಇಲ್ಲ, ಇಲ್ಲವೇ ಎಕ್ಸ್‌ಟೆಂಟ್ ಮಿತಿ ಮುಟ್ಟಿತು. ಇ37 ಹೆಚ್ಚಾಗಿ ಕಾಣುವುದು ಪಿಡಿಎಸ್ ಲೈಬ್ರರಿಗಳಲ್ಲಿ, ಅಂದರೆ ಹಲವು ಮೆಂಬರ್‌ಗಳನ್ನು ಒಳಗೆ ಇಟ್ಟುಕೊಳ್ಳುವ ಫೈಲುಗಳಲ್ಲಿ. ಅಲ್ಲಿ ಮೊದಲು ಕಂಪ್ರೆಸ್ ಮಾಡಿ ನೋಡುತ್ತೇವೆ. ಪಿಡಿಎಸ್‌ನಲ್ಲಿ ಜಾಗ ಇದ್ದೂ ಡೈರೆಕ್ಟರಿ (ಮೆಂಬರ್‌ಗಳ ಪಟ್ಟಿ) ತುಂಬಿದರೆ ಬರುವುದು ಬಿ14, ಅದು ನಾಲ್ಕನೆಯ ಅಣ್ಣ.

ಎಕ್ಸ್‌ಟೆಂಟ್ ಅಂದರೆ ಡಿಸ್ಕಿನಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ಟ್ರ್ಯಾಕುಗಳ ಒಂದು ತುಂಡು. ಒಂದು ಡೇಟಾಸೆಟ್ ಹೀಗೆ ಹಲವು ತುಂಡುಗಳಲ್ಲಿ ಇರಬಹುದು. 3.4ರ ಎಕ್ಸ್‌ಟಿ ಕಾಲಂ ಆ ತುಂಡುಗಳನ್ನು ಎಣಿಸುತ್ತದೆ.

ಮೂಕಪ್ರೇಕ್ಷಕ

ಮಿತಿ 123 ಅಲ್ವಾ? ಅಷ್ಟು ಬೇಗ ಹೇಗೆ ಮುಟ್ಟುತ್ತದೆ?

ಟ್ರ್ಯಾಕ್‌ಲೆಕ್ಕ

123 ಇರುವುದು ಪಿಡಿಎಸ್‌ಇಗೆ (ಪಿಡಿಎಸ್‌ನ ಹೊಸ ರೂಪ), ಎಕ್ಸ್‌ಟೆಂಡೆಡ್ ಫಾರ್ಮ್ಯಾಟ್ ಫೈಲಿಗೆ, ವಿಸ್ಯಾಮ್‌ಗೆ (ಕೀ ಹಿಡಿದು ನೇರ ಓದುವಂಥ ಫೈಲುಗಳು). ಅದೂ ಒಂದು ವಾಲ್ಯೂಮಿಗೆ. ಸಾಮಾನ್ಯ ಸೀಕ್ವೆನ್ಷಿಯಲ್ ಫೈಲಿಗೆ, ಹಳೇ ಪಿಡಿಎಸ್‌ಗೆ, ವಾಲ್ಯೂಮಿಗೆ 16 ಅಷ್ಟೇ. ಈ ಗೊಂದಲ ತುಂಬಾ ಜನಕ್ಕೆ ಇದೆ.

ರಾತ್ರಿಪಾಳಿ

ಫೈಲ್ ಇದೆ. ಮರು ಓಟಕ್ಕೆ ಮೊದಲು ಹೆಸರು ಬದಲಾಯಿಸಿ ಪಕ್ಕಕ್ಕೆ ಇಟ್ಟಿದ್ದೆ.

ಟ್ರ್ಯಾಕ್: 1725. ಬಳಕೆ: 100 ಪರ್ಸೆಂಟ್. ಎಕ್ಸ್‌ಟಿ: 16. ವಾಲ್ಯೂಮ್ ಒಂದೇ.

ಹಳೇಜೆಸಿಎಲ್

ಹೆಸರು ಬದಲಾಯಿಸಿ ಇಟ್ಟಿದ್ದಕ್ಕೆ ಶಹಬ್ಬಾಸ್. ಹತ್ತರಲ್ಲಿ ಒಂಬತ್ತು ಜನ ಮೊದಲು ಅಳಿಸುತ್ತಾರೆ, ಆಮೇಲೆ ಕಾರಣ ಕೇಳುತ್ತಾರೆ.

ಈಗ ಲೆಕ್ಕ. ಮೇನ್‌ಫ್ರೇಮಿನ 3390 ಡಿಸ್ಕಿನಲ್ಲಿ ಒಂದು ಸಿಲಿಂಡರ್ ಅಂದರೆ 15 ಟ್ರ್ಯಾಕ್. 1725 ಭಾಗ 15, ಅಂದರೆ 115 ಸಿಲಿಂಡರ್. ಆದರೆ ನೀವು ಕೇಳಿದ್ದು ಪ್ರೈಮರಿ 50, ಸೆಕೆಂಡರಿ 5. ಪ್ರೈಮರಿ ಒಂದೇ ತುಂಡಾಗಿ ಸಿಕ್ಕಿದ್ದರೆ ಉಳಿದ 15 ಎಕ್ಸ್‌ಟೆಂಟಿಗೆ ಐದೈದು, ಒಟ್ಟು 125 ಆಗಬೇಕಿತ್ತು. ಹತ್ತು ಸಿಲಿಂಡರ್ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ಪ್ರೈಮರಿ 50 ನಿಮಗೆ ಮೂರು ತುಂಡಾಗಿ ಸಿಕ್ಕಿದೆ. ಒಂದೇ ತುಂಡು ಸಿಗದಿದ್ದರೆ ಸಿಸ್ಟಮ್ ಐದು ತುಂಡಿನವರೆಗೂ ಜೋಡಿಸಿ ಕೊಡುತ್ತದೆ, ನಿಮಗೆ ಹೇಳುವುದೂ ಇಲ್ಲ. ಮೂರು ಅಲ್ಲಿ ಖರ್ಚಾಯಿತು, ಸೆಕೆಂಡರಿಗೆ ಉಳಿದದ್ದು 13. ಹದಿಮೂರು ಐದಲೇ ಅರವತ್ತೈದು, ಅದಕ್ಕೆ 50 ಸೇರಿಸಿ, 115. ಹೋದ ತಿಂಗಳು ಪ್ರೈಮರಿ ಒಂದೇ ತುಂಡಾಗಿ ಸಿಕ್ಕಿರಬೇಕು. ಅದಕ್ಕೇ ಜಾಸ್ತಿ ರೆಕಾರ್ಡ್ ಇದ್ದರೂ ಬಚಾವ್.

ರಾತ್ರಿಪಾಳಿ

ಅಯ್ಯೋ! ಅಂದರೆ ಜೆಸಿಎಲ್ ಬದಲಾಗದಿದ್ದರೂ ಸಿಗುವ ಜಾಗ ತಿಂಗಳು ತಿಂಗಳಿಗೂ ಬೇರೆ ಬೇರೆ? ಇದು ಜೂಜಾಟ.

ಟ್ರ್ಯಾಕ್‌ಲೆಕ್ಕ

ಜೂಜೇ. ನಿಮ್ಮ ಸ್ಟೋರೇಜ್ ತಂಡ ಸುಳ್ಳು ಹೇಳಿಲ್ಲ, ಆದರೆ ಕೇಳಿದ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಿಲ್ಲ. ಮೂವತ್ತು ಪರ್ಸೆಂಟ್ ಖಾಲಿ ಅನ್ನುವುದು ಇಡೀ ಗ್ರೂಪಿನ ಒಟ್ಟು ಲೆಕ್ಕ. ಆ ಖಾಲಿ ಜಾಗ ಚೂರುಚೂರಾಗಿ ಹರಡಿದ್ದರೆ ನಿಮಗೇನು ಉಪಯೋಗ? ಐಎಸ್‌ಎಂಎಫ್‌ನ (ಸ್ಟೋರೇಜ್ ನೋಡಿಕೊಳ್ಳುವ ಪರದೆಗಳು) ವಾಲ್ಯೂಮ್ ಪಟ್ಟಿಯಲ್ಲಿ ಅತಿ ದೊಡ್ಡ ಖಾಲಿ ಎಕ್ಸ್‌ಟೆಂಟ್ ಎಷ್ಟು ಅಂತ ಒಂದು ಕಾಲಂ ಇದೆ. ಫ್ರ್ಯಾಗ್ಮೆಂಟೇಶನ್ ಇಂಡೆಕ್ಸ್ (ಎಷ್ಟು ಚೂರಾಗಿದೆ ಅನ್ನುವ ಅಂಕಿ) ಅಂತ ಇನ್ನೊಂದು. ಪರ್ಸೆಂಟ್ ಬಿಟ್ಟು ಅವೆರಡನ್ನು ಕೇಳಿ. ಅಂದ ಹಾಗೆ ನಮ್ಮಲ್ಲಿ ಖಾಲಿ ಚೂರುಗಳನ್ನು ಒಟ್ಟು ಮಾಡುವ ಡಿಎಸ್‌ಎಸ್‌ನ ಡಿಫ್ರ್ಯಾಗ್ ಯಾವಾಗಲೋ ಒಮ್ಮೆ ಓಡುತ್ತದೆ. ಯಾರಾದರೂ ನೆನಪಿಸಿದರೆ.

ವಿಟಾಕ್‌ಪೀಡಿತ

ಜಾಗ ಇದ್ದೂ ಇಲ್ಲ ಅನ್ನುವುದಕ್ಕೆ ನನ್ನದೊಂದು ಕಥೆ. ಒಂದು ವಾಲ್ಯೂಮ್ ಅರ್ಧದಷ್ಟು ಖಾಲಿ. ಹೊಸ ಫೈಲ್ ಮಾತ್ರ ಒಂದೂ ಹುಟ್ಟುತ್ತಿರಲಿಲ್ಲ, ಎರಡು ಟ್ರ್ಯಾಕ್ ಕೇಳಿದರೂ ಇಲ್ಲ. ಅರ್ಧ ದಿನ ಎಲ್ಲರೂ ಎಲ್ಲರನ್ನೂ ಬೈದದ್ದೇ ಬೈದದ್ದು. ಕೊನೆಗೆ ನೋಡಿದರೆ ತುಂಬಿದ್ದು ವಿಟಾಕ್, ವಾಲ್ಯೂಮಿನ ಫೈಲ್ ಪಟ್ಟಿ! ಸಾವಿರಾರು ಪುಟಾಣಿ ಫೈಲುಗಳು ಸೇರಿ ಹೆಸರು ಬರೆಯುವ ಪುಸ್ತಕವೇ ಭರ್ತಿ. ಐಸಿಕೆಡಿಎಸ್‌ಎಫ್ ಅನ್ನುವ ಡಿಸ್ಕ್ ಯುಟಿಲಿಟಿಯಲ್ಲಿ ವಿಟಾಕ್ ದೊಡ್ಡದು ಮಾಡಿದ ಮೇಲೆ ಸರಿಹೋಯಿತು. ಅವತ್ತಿನಿಂದ ನನಗೆ ಈ ಹೆಸರು.

ಖಾಲಿಜಾಗ

ಇಷ್ಟೆಲ್ಲ ಓದಿದ ಮೇಲೂ ನನ್ನ ಮಾತು ಅದೇ. 500 ಹಾಕಿದ್ದರೆ ಈ ಥ್ರೆಡ್ಡೇ ಇರುತ್ತಿರಲಿಲ್ಲ. ಆರ್‌ಎಲ್‌ಎಸ್‌ಇ ಇದೆಯಲ್ಲ, ಉಳಿದದ್ದು ವಾಪಸ್ ಹೋಗುತ್ತದೆ.

ಟ್ರ್ಯಾಕ್‌ಲೆಕ್ಕ

ವಾಪಸ್ ಹೋಗುವುದು ಫೈಲ್ ಮುಚ್ಚಿದಾಗ. ಅದಕ್ಕೂ ಮೊದಲು ಆ 500 ಎಲ್ಲಾದರೂ ಒಂದು ವಾಲ್ಯೂಮಿನಲ್ಲಿ, ಐದು ತುಂಡಿನೊಳಗೆ ಸಿಗಬೇಕು. ಸಿಗದಿದ್ದರೆ ಬಿ37 ಬದಲು ಐಜಿಡಿ17272ಐ (ಜಾಗ ಸಾಲುವ ವಾಲ್ಯೂಮ್ ಸಿಗಲಿಲ್ಲ) ಬರುತ್ತದೆ, ಜಾಬ್ ಶುರುವಾಗುವುದೇ ಇಲ್ಲ. ಹಳೇ ಮಾಡೆಲ್ 3 ವಾಲ್ಯೂಮ್ ಇಡೀ ಸೇರಿ 3,339 ಸಿಲಿಂಡರ್. ಅಲ್ಲಿ ನಿಮ್ಮಂಥವರು ಏಳು ಜನ ಒಟ್ಟಿಗೆ ಬಂದರೆ ಏಳನೆಯವರಿಗೆ ಜಾಗ ಇಲ್ಲ.

ಆರ್‌ಎಲ್‌ಎಸ್‌ಇ ಮರೆತವರ ಕಥೆ ಇನ್ನೂ ಚೆನ್ನಾಗಿದೆ. ಒಂದು ಜಿಡಿಜಿ (ಒಂದೇ ಹೆಸರಿನ ಫೈಲಿನ ಸರದಿ ಪ್ರತಿಗಳು), 30 ಜನರೇಶನ್, ಪ್ರತಿಯೊಂದಕ್ಕೂ 500. ಅದು 15,000 ಸಿಲಿಂಡರ್. ಮಾಡೆಲ್ 9 ವಾಲ್ಯೂಮ್ ಪೂರ್ತಿ 10,017 ಅಷ್ಟೇ. ಒಳಗೆ ನಿಜವಾದ ಡೇಟಾ ಎಷ್ಟಿತ್ತು ಅಂತ ಕೇಳಬೇಡಿ, ಅಳು ಬರುತ್ತದೆ.

ಖಾಲಿಜಾಗ

ಸರಿ ಮೇಡಂ, 400 ಹಾಕುತ್ತೇನೆ.

ಹಳೇಜೆಸಿಎಲ್

😂

ಇರಲಿ, ನನಗೆ ಇನ್ನೂ ಒಂದು ಮುಳ್ಳು ಚುಚ್ಚುತ್ತಿದೆ. ರಾತ್ರಿಪಾಳಿ, ರೆಕಾರ್ಡ್ ಉದ್ದ ಎಷ್ಟು? ಬೀಳುವ ಹೊತ್ತಿಗೆ ಎಷ್ಟು ರೆಕಾರ್ಡ್ ಬರೆದಾಗಿತ್ತು ಅಂತ ಗೊತ್ತಾ?

ರಾತ್ರಿಪಾಳಿ

80 ಬೈಟ್. ಪ್ರೋಗ್ರಾಂ ಸಾವಿರಕ್ಕೊಮ್ಮೆ ಡಿಸ್‌ಪ್ಲೇ ಮಾಡುತ್ತದೆ. ಕೊನೆಯ ಸಾಲು 1,34,000. ಏಕೆ ಸರ್?

ಹೊಸಬ_80

ತಪ್ಪಾಗಿದ್ದರೆ ಕ್ಷಮಿಸಿ. 1,34,000 ಗುಣಿಸು 80, ಸುಮಾರು ಒಂದು ಕೋಟಿ ಏಳು ಲಕ್ಷ ಬೈಟ್. ಒಂದು ಟ್ರ್ಯಾಕಿಗೆ 56,664 ಬೈಟ್ ಅಂತ ಟ್ರೈನಿಂಗಿನಲ್ಲಿ ಹೇಳಿದ್ದರು. ಹಾಗಾದರೆ 190 ಟ್ರ್ಯಾಕ್ ಸಾಕು. 1725 ಹೇಗೆ ತುಂಬಿತು?

ಹಳೇಜೆಸಿಎಲ್

ಹೊಸಬ ಅಂತ ಹೆಸರಿಟ್ಟುಕೊಂಡು ನಮ್ಮೆಲ್ಲರಿಗಿಂತ ಮೊದಲು ಹಿಡಿದುಬಿಟ್ಟೆಯಲ್ಲೋ! ಅದೇ ಮುಳ್ಳು.

1,34,000ವನ್ನು 1725ರಿಂದ ಭಾಗಿಸಿ. ಟ್ರ್ಯಾಕಿಗೆ ಹತ್ತಿರ ಹತ್ತಿರ 78. ಈ 78 ನನಗೆ ನಿದ್ದೆಯಲ್ಲೂ ಗೊತ್ತು. 3390ರಲ್ಲಿ 80 ಬೈಟಿನ ರೆಕಾರ್ಡನ್ನು ಬ್ಲಾಕ್ ಮಾಡದೆ (ಹಲವನ್ನು ಒಂದು ಕಟ್ಟಾಗಿ ಸೇರಿಸದೆ) ಒಂದೊಂದೇ ಬರೆದರೆ ಒಂದು ಟ್ರ್ಯಾಕಿಗೆ ಹಿಡಿಯುವುದು 78. ಪ್ರತಿ ಬ್ಲಾಕಿಗೂ ಹಿಂದೆ ಮುಂದೆ ಒಂದಿಷ್ಟು ಜಾಗ ವ್ಯರ್ಥವಾಗುತ್ತದೆ. ಬ್ಲಾಕ್ ಪುಟ್ಟದಾದಷ್ಟೂ ವ್ಯರ್ಥ ಜಾಸ್ತಿ. ಅದೇ ರೆಕಾರ್ಡನ್ನು 27,920 ಬೈಟಿನ ಬ್ಲಾಕಿನಲ್ಲಿ ತುಂಬಿದರೆ ಬ್ಲಾಕಿಗೆ 349, ಟ್ರ್ಯಾಕಿಗೆ ಎರಡು ಬ್ಲಾಕ್, ಒಟ್ಟು 698.

ನಿಮ್ಮ ಫೈಲಿನ ಬ್ಲಾಕ್ ಸೈಜ್ 80 ಅಂತ ನೋಡದೆಯೇ ಹೇಳುತ್ತೇನೆ.

ರಾತ್ರಿಪಾಳಿ

ಐಎಸ್‌ಪಿಎಫ್ 3.2ರಲ್ಲಿ ನೋಡಿದೆ. ಬ್ಲಾಕ್ ಸೈಜ್ 80. ಕೈ ಮುಗಿದೆ.

ಆದರೆ ಜೆಸಿಎಲ್‌ನಲ್ಲಿ ಬ್ಲಾಕ್ ಸೈಜ್ ಕೊಟ್ಟೇ ಇಲ್ಲ. ಕೊಡದಿದ್ದರೆ ಸಿಸ್ಟಮ್ಮೇ ಒಳ್ಳೆಯದನ್ನು ಆರಿಸುತ್ತದೆ ಅಲ್ವಾ?

ಕೋಬಾಲ್‌ಕೂಸು

ನಾನು ಬಂದೆ. ಇದು ನನ್ನ ಊರು.

ಪ್ರೋಗ್ರಾಂ ಕೋಬಾಲ್ ತಾನೆ? ಎಫ್‌ಡಿಯಲ್ಲಿ (ಪ್ರೋಗ್ರಾಂ ಒಳಗಿನ ಫೈಲ್ ವಿವರ) ಬ್ಲಾಕ್ ಕಂಟೇನ್ಸ್ 0 ಅನ್ನುವ ಸಾಲು ಇದೆಯಾ ನೋಡಿ. ಇರಲಿಕ್ಕಿಲ್ಲ. ಆ ಸಾಲು ಬರೆಯದಿದ್ದರೆ ಕೋಬಾಲ್ "ಇವರಿಗೆ ಬ್ಲಾಕಿಂಗ್ ಬೇಡವಂತೆ" ಅಂತ ತಾನೇ ತೀರ್ಮಾನ ಮಾಡುತ್ತದೆ. ಬ್ಲಾಕಿಗೆ ಒಂದೇ ರೆಕಾರ್ಡ್. ಸಿಸ್ಟಮ್‌ಗೆ ಆರಿಸುವ ಅವಕಾಶವೇ ಸಿಗುವುದಿಲ್ಲ. ಸೊನ್ನೆ ಅಂತ ಬರೆದರೆ ಮಾತ್ರ "ನೀನೇ ನೋಡಿಕೋ" ಅಂದ ಹಾಗೆ. ಏನೂ ಹೇಳದಿರುವುದು ಬೇರೆ, ಸೊನ್ನೆ ಹೇಳುವುದು ಬೇರೆ. ಈ ಸಾಲನ್ನು ಬಿಟ್ಟುಬಿಟ್ಟ ಪ್ರೋಗ್ರಾಂಗಳು ಎಷ್ಟಿವೆಯೋ ದೇವರೇ ಬಲ್ಲ. ಬ್ಲಾಕ್0 ಅಂತ ಒಂದು ಕಂಪೈಲರ್ ಆಪ್ಷನ್ ಕೂಡ ಇದೆ. ಅದನ್ನು ಹಾಕಿ ಕಂಪೈಲ್ ಮಾಡಿದರೆ ಸಾಲು ಬರೆಯದಿದ್ದರೂ ನಡೆಯುತ್ತದೆ.

ಎಚ್ಚರ: ಆ ಫೈಲನ್ನು ಓದುವ ಪ್ರೋಗ್ರಾಂಗಳಲ್ಲೂ ಅದೇ ಸಾಲು ಇದೆಯಾ ಅಂತ ಮೊದಲು ನೋಡಿ. ಬರೆಯುವವನನ್ನು ಮಾತ್ರ ಸರಿಮಾಡಿ ಓದುವವನನ್ನು ಮರೆತರೆ ನಾಳೆ ರಾತ್ರಿ ಎರಡೂವರೆಗೆ ಇನ್ನೊಂದು ಫೋನ್.

ಮೂಕಪ್ರೇಕ್ಷಕ

ಡಿಸ್ಕೆಲ್ಲ ಈಗ ಫ್ಲ್ಯಾಶ್. ಟ್ರ್ಯಾಕೂ ಇಲ್ಲ, ಸಿಲಿಂಡರೂ ಇಲ್ಲ. 1989ರ 3390ರ ಲೆಕ್ಕ ಇವತ್ತು ಯಾಕೆ ಹಾಕಬೇಕು?

ಟ್ರ್ಯಾಕ್‌ಲೆಕ್ಕ

ಒಳ್ಳೆ ಪ್ರಶ್ನೆ. ಕೆಳಗೆ ಇರುವುದು ಏನೇ ಆಗಲಿ, ಮೇಲೆ ಕಾಣುವುದು 3390ರ ವೇಷ. ಸಿಸ್ಟಮ್ ಲೆಕ್ಕ ಇಡುವುದು ಆ ವೇಷದ ಟ್ರ್ಯಾಕಿನಲ್ಲೇ. ಟ್ರ್ಯಾಕಿಗೆ 78 ಅಂದರೆ ಫ್ಲ್ಯಾಶ್ ಮೇಲೂ 78. ಸಿಲಿಂಡರ್ ತಿರುಗುತ್ತಿಲ್ಲ, ಆದರೆ ಬಿ37 ಬಂದೇ ಬರುತ್ತದೆ.

ಹಳೇಜೆಸಿಎಲ್

ಇತಿಹಾಸ ಬಂತು ಅಂತ ಒಂದು ಮಾತು. 1956ರ ಮೊದಲ ಡಿಸ್ಕ್ ಐಬಿಎಂ 350ರಲ್ಲಿ 24 ಇಂಚಿನ 50 ತಟ್ಟೆಗಳು. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ರಾತ್ರಿಪಾಳಿಯ 80 ಬೈಟಿನ ಫೈಲ್ ಅದರಲ್ಲಿ ಅರ್ಧವೂ ಕೂರುತ್ತಿರಲಿಲ್ಲ. ಜಾಗದ ಬಗ್ಗೆ ಜಿಪುಣತನ ಅಲ್ಲಿಂದ ಬಂದ ರೋಗ, ನಮ್ಮ ತಲೆಮಾರಿಗೆ ವಾಸಿಯಾಗುವುದಿಲ್ಲ.

ರೆಕ್ಸ್‌ಪ್ರಿಯೆ

ಎಲ್ಲರೂ ಮೊದಲ ಪ್ರಶ್ನೆಗೆ ಬಿದ್ದಿದ್ದೀರಿ. ಎರಡನೆಯದು ಅನಾಥ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಬೇಡ ಅಂತ ತಾನೇ ಅವರು ಕೇಳಿದ್ದು?

ನಾನು ಮಾಡಿಕೊಂಡಿರುವುದು ಒಂದು ಪುಟ್ಟ ರೆಕ್ಸ್ ಸ್ಕ್ರಿಪ್ಟ್. ಮುಖ್ಯವಾದ ಇನ್ನೂರು ಚಿಲ್ಲರೆ ಫೈಲುಗಳ ಹೆಸರು ಒಂದು ಮೆಂಬರ್‌ನಲ್ಲಿದೆ. ಪ್ರತಿಯೊಂದಕ್ಕೂ ಲಿಸ್ಟ್‌ಡಿಎಸ್‌ಐ (ಫೈಲಿನ ವಿವರ ಕೊಡುವ ಫಂಕ್ಷನ್) ಕರೆಯುತ್ತೇನೆ. ಕೊಟ್ಟ ಜಾಗ, ಬಳಸಿದ ಜಾಗ, ಎಕ್ಸ್‌ಟೆಂಟ್ ಸಂಖ್ಯೆ, ಬ್ಲಾಕ್ ಸೈಜ್ ಎಲ್ಲ ವೇರಿಯಬಲ್‌ಗಳಲ್ಲಿ ಬಂದು ಕೂರುತ್ತವೆ. ಎಕ್ಸ್‌ಟೆಂಟ್ 12 ದಾಟಿದರೆ ಮೇಲ್. ಬ್ಲಾಕ್ ಸೈಜ್ ರೆಕಾರ್ಡ್ ಉದ್ದಕ್ಕೆ ಸಮ ಇದ್ದರೂ ಮೇಲ್. ಈ ಎರಡನೇ ಷರತ್ತು ಹಾಕಿದ ದಿನ ನನಗೇ 17 ಮೇಲ್ ಬಂತು. ಅದರಲ್ಲಿ ಮೂರು ಫೈಲ್ ನಾನೇ ಬರೆದ ಪ್ರೋಗ್ರಾಂನದು. ಯಾರಿಗೂ ಹೇಳಬೇಡಿ.

ಕೊಟ್ಟ ಜಾಗಕ್ಕಿಂತ ಬಳಕೆ ತೀರಾ ಕಮ್ಮಿ ಇರುವವು ಬೇರೆ ಪಟ್ಟಿಗೆ ಹೋಗುತ್ತವೆ, ವಾರಕ್ಕೊಮ್ಮೆ ನೋಡುತ್ತೇನೆ. ಖಾಲಿಜಾಗ ಅವರ ಫೈಲುಗಳು ಅಲ್ಲಿ ಸಿಗುತ್ತವೆ.

ಡಾಸ್ಡಿದಾಸ

ರೆಕ್ಸ್‌ಪ್ರಿಯೆ, ನೋರೀಕಾಲ್ ಅಂತ ಕೊಟ್ಟಿದ್ದೀರಾ? ನಾನು ಮೊದಲ ಸಲ ಲಿಸ್ಟ್‌ಡಿಎಸ್‌ಐ ಓಡಿಸಿದಾಗ ಕೊಟ್ಟಿರಲಿಲ್ಲ. ಏನೂ ಹೇಳದಿದ್ದರೆ, ಬಳಕೆ ಇಲ್ಲದೆ ಬೇರೆ ಡಿಸ್ಕಿಗೆ ಮೈಗ್ರೇಟ್ ಆಗಿರುವ (ಸಾಗಿಸಿಟ್ಟ) ಫೈಲುಗಳನ್ನೆಲ್ಲ ಅದು ರೀಕಾಲ್ ಮಾಡಿಸುತ್ತದೆ (ವಾಪಸ್ ತರಿಸುತ್ತದೆ). ಜಾಗ ಎಷ್ಟಿದೆ ಅಂತ ನೋಡಲು ಹೋಗಿ, ಹಾಗೆ ಸಾಗಿಸುವ ಎಚ್‌ಎಸ್‌ಎಂ ಕಷ್ಟಪಟ್ಟು ಖಾಲಿ ಮಾಡಿದ್ದ ಜಾಗವನ್ನೆಲ್ಲ ನಾನೇ ತುಂಬಿಬಿಟ್ಟೆ. ಕಳ್ಳನನ್ನು ಹಿಡಿಯಲು ಹೋಗಿ ನಾನೇ ಕಳ್ಳ.

ರೆಕ್ಸ್‌ಪ್ರಿಯೆ

ಕೊಟ್ಟಿದ್ದೇನೆ. ಹೇಗೆ ಕಲಿತೆ ಅಂತ ಕೇಳಬೇಡಿ. 🙂

ಇನ್ನೊಂದು: ಪಿಡಿಎಸ್‌ಇ ಆದರೆ ಬಳಸಿದ ಜಾಗದ ವೇರಿಯಬಲ್‌ನಲ್ಲಿ ಅಂಕಿ ಬರುವುದಿಲ್ಲ, ಅನ್ವಯಿಸುವುದಿಲ್ಲ ಅಂತ ಬರುತ್ತದೆ. ಅಲ್ಲಿ ಪುಟಗಳ ಲೆಕ್ಕ ಬೇರೆ ವೇರಿಯಬಲ್‌ನಲ್ಲಿದೆ. ಗೊತ್ತಿಲ್ಲದೆ ಭಾಗಾಕಾರ ಮಾಡಿದರೆ ರೆಕ್ಸ್ ಬೀಳುತ್ತದೆ.

ಟ್ರ್ಯಾಕ್‌ಲೆಕ್ಕ

ಇನ್ನೂರು ಫೈಲಿಗೆ ರೆಕ್ಸ್ ಚೆನ್ನ. ಲಕ್ಷಗಟ್ಟಲೆ ಇದ್ದರೆ ಐಡಿಕ್ಯಾಮ್ಸ್ ಯುಟಿಲಿಟಿಯ ಡಿಕಲೆಕ್ಟ್ ಓಡಿಸಿ. ಡೇಟಾಸೆಟ್ಟಿಗೊಂದು ರೆಕಾರ್ಡ್, ವಾಲ್ಯೂಮಿಗೊಂದು ರೆಕಾರ್ಡ್, ಮೈಗ್ರೇಟ್ ಆದವುಗಳದ್ದೂ ತೆಗೆಯಬಹುದು. ದಿನಾ ತೆಗೆದು ಜೋಡಿಸಿಟ್ಟರೆ ಯಾವುದು ಬೆಳೆಯುತ್ತಿದೆ ಅಂತ ತಿಂಗಳಲ್ಲಿ ಕಾಣುತ್ತದೆ. ಒಂದು ದಿನದ ಅಂಕಿಗಿಂತ ಬೆಳವಣಿಗೆ ಮುಖ್ಯ. 80 ಪರ್ಸೆಂಟ್ ತುಂಬಿ ಎರಡು ವರ್ಷದಿಂದ ಅಲ್ಲೇ ಕೂತ ಫೈಲ್ ನನಗೆ ಚಿಂತೆ ಇಲ್ಲ. 40ರಲ್ಲಿದ್ದು ವಾರಕ್ಕೆ 5 ಏರುವುದು ಚಿಂತೆ.

ಯಾವ ಜಾಬ್ ಆ ಫೈಲನ್ನು ಬರೆಯಿತು ಅಂತ ಹುಡುಕಬೇಕಾದರೆ ಎಸ್‌ಎಂಎಫ್ (ಸಿಸ್ಟಮ್ ಬರೆದಿಡುವ ದಾಖಲೆಗಳು), ಅದರಲ್ಲಿ 15ನೇ ಬಗೆ.

ವಿಸ್ಯಾಮ್‌ಗುರು

ವಿಸ್ಯಾಮ್ ಬಗ್ಗೆ ಯಾರೂ ಬಾಯೇ ಬಿಡಲಿಲ್ಲ, ನಮ್ಮನ್ನು ಬೇರೆ ಜಾತಿ ಅಂತ ಮಾಡಿದ್ದೀರಿ.

ಲಿಸ್ಟ್‌ಕ್ಯಾಟ್ (ಫೈಲಿನ ವಿವರ ಪಟ್ಟಿ) ತೆಗೆದು ಹೈ ಅಲೊಕೇಟೆಡ್ ಆರ್‌ಬಿಎ (ಕೊಟ್ಟ ಜಾಗದ ಕೊನೆ), ಹೈ ಯೂಸ್ಡ್ ಆರ್‌ಬಿಎ (ಬಳಸಿದ ಜಾಗದ ಕೊನೆ) ಎರಡನ್ನೂ ನೋಡಿ. ಎರಡೂ ಸಮ ಆದರೆ ಮುಂದಿನ ಹೆಜ್ಜೆ ಹೊಸ ಎಕ್ಸ್‌ಟೆಂಟ್. ಆದರೆ ಹೈ ಯೂಸ್ಡ್ ಅನ್ನುವುದನ್ನು ನಂಬಿ ಕೂರಬೇಡಿ. ಅದು ನೀರು ಎಲ್ಲಿಯವರೆಗೆ ಏರಿತ್ತು ಅನ್ನುವ ಗುರುತು. ಅರ್ಧ ರೆಕಾರ್ಡ್ ಅಳಿಸಿದರೂ ಗುರುತು ಕೆಳಗೆ ಇಳಿಯುವುದಿಲ್ಲ. ಕೀ ಪ್ರಕಾರ ಜೋಡಿಸುವ ಕೆಎಸ್‌ಡಿಎಸ್‌ನಲ್ಲಿ ದಿನಾ ಹೊಸ ಕೀ ಸೇರಿಸಿ ಹಳೇ ಕೀ ಅಳಿಸುತ್ತಾ ಹೋದರೆ ಹಳೇ ಸಿಎಗಳು (ಫೈಲಿನೊಳಗಿನ ಜಾಗದ ಭಾಗಗಳು) ಖಾಲಿ ಬಿದ್ದಿರುತ್ತಿದ್ದವು, ಫೈಲ್ ಮಾತ್ರ ಬೆಳೆಯುತ್ತಿತ್ತು. ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್ ಜೆಡ್‌ಓಎಸ್ 1.12ರಲ್ಲಿ ಸಿಎ ರಿಕ್ಲೇಮ್ (ಖಾಲಿ ಸಿಎ ಮತ್ತೆ ಬಳಸುವುದು) ಬಂದ ಮೇಲೆ ವಾಸಿ. ಆದರೆ ಅದು ಆನ್ ಆಗಿದೆಯಾ ಅಂತ ಕೇಳಿಕೊಳ್ಳಿ.

ಸಿಎ ಸ್ಪ್ಲಿಟ್ (ತುಂಬಿದ ಸಿಎ ಎರಡಾಗುವುದು) ಏರುತ್ತಿದ್ದರೂ ಎಚ್ಚರ.

ಹೊಸಬ_80

ನನ್ನದೊಂದು ಸಣ್ಣ ಅನುಮಾನ. ನಮ್ಮ ಜಾಬಿನ ಮೊದಲ ಸ್ಟೆಪ್ ಐಇಎಫ್‌ಬಿಆರ್14, ಅದರ ಜೆಸಿಎಲ್ ಹಳೇ ಫೈಲನ್ನು ಅಳಿಸುತ್ತದೆ. ಅದಕ್ಕೆ ಕೆಲವು ಸಲ ಹತ್ತು ನಿಮಿಷ ಹಿಡಿಯುತ್ತದೆ. ಏನೂ ಮಾಡದ ಪ್ರೋಗ್ರಾಂಗೆ ಹತ್ತು ನಿಮಿಷ ಏಕೆ?

ಡಾಸ್ಡಿದಾಸ

ಹಹಾ, ಕ್ಲಾಸಿಕ್. ಫೈಲ್ ಮೈಗ್ರೇಟ್ ಆಗಿದೆ. ಅಳಿಸುವುದಕ್ಕೋಸ್ಕರ ಮೊದಲು ಟೇಪಿನಿಂದ ಪೂರ್ತಿ ವಾಪಸ್ ತರುತ್ತದೆ, ತಂದು ಅಳಿಸುತ್ತದೆ. ತಂದಾಗ ಜಾಗ ಬೇಕು, ಜಾಗ ಇಲ್ಲದಿದ್ದರೆ ಅಳಿಸುವ ಕೆಲಸವೂ ಬೀಳುತ್ತದೆ! ಜೆಡ್‌ಓಎಸ್ 1.11ರಿಂದ ಅಲೊಕ್ ಅನ್ನುವ ಪಾರ್ಮ್‌ಲಿಬ್ (ಸಿಸ್ಟಮ್ ಸೆಟ್ಟಿಂಗ್) ಮೆಂಬರ್‌ನಲ್ಲಿ ರೀಕಾಲ್ ಬೇಡ ಅಂತ ಹೇಳಬಹುದು. ಹೇಳದಿದ್ದರೆ ಹಳೇ ಚಾಳಿಯೇ. ನಿಮ್ಮ ಸಿಸ್ಟಮ್ ಪ್ರೋಗ್ರಾಮರ್‌ಗೆ ತೋರಿಸಿ.

ಹಳೇಜೆಸಿಎಲ್

ಐಇಎಫ್‌ಬಿಆರ್14 ಅಂದಾಗ ನೆನಪಾಯಿತು. ಮೊದಲು ಅದರಲ್ಲಿ ಇದ್ದದ್ದು ಒಂದೇ ಇನ್‌ಸ್ಟ್ರಕ್ಷನ್, ಬಂದ ದಾರಿಗೆ ವಾಪಸ್ ಹೋಗು ಅಂತ. ಅದರಲ್ಲೂ ಬಗ್! ರಿಜಿಸ್ಟರ್ 15ನ್ನು ಸೊನ್ನೆ ಮಾಡುವುದನ್ನು ಮರೆತಿದ್ದರು. ರಿಟರ್ನ್ ಕೋಡ್ ಬಾಯಿಗೆ ಬಂದದ್ದು ಬರುತ್ತಿತ್ತು. ಸರಿಮಾಡಲು ಇನ್ನೊಂದು ಇನ್‌ಸ್ಟ್ರಕ್ಷನ್ ಸೇರಿಸಿದರು. ಏನೂ ಮಾಡದ ಪ್ರೋಗ್ರಾಂನ ಗಾತ್ರ ಎರಡು ಪಟ್ಟಾಯಿತು.

ಮೂಕಪ್ರೇಕ್ಷಕ

ವಿಷಯಕ್ಕೆ ಬನ್ನಿ ಗುರುಗಳೇ.

ವಿಂಗಡಣೆ

ವಿಷಯಕ್ಕೇ ಬರುತ್ತೇನೆ. ಸಾರ್ಟ್ ಬೀಳುವುದನ್ನು ಮರೆಯಬೇಡಿ. ಐಸಿಇ046ಎ (ಸಾರ್ಟ್‌ಗೆ ಜಾಗ ಸಾಲಲಿಲ್ಲ) ಬಂದರೆ ಜನ ಔಟ್‌ಪುಟ್ ಫೈಲಿನ ಜಾಗ ಹೆಚ್ಚಿಸುತ್ತಾರೆ. ತುಂಬಿದ್ದು ಸಾರ್ಟ್‌ವರ್ಕ್, ಸಾರ್ಟ್‌ನ ತಾತ್ಕಾಲಿಕ ಜಾಗ. ಅದರ ಡಿಡಿ ಕಾರ್ಡುಗಳನ್ನು (ಜೆಸಿಎಲ್‌ನ ಫೈಲ್ ಸಾಲುಗಳು) ಕಿತ್ತುಹಾಕಿ ಡೈನಲಾಕ್‌ಗೆ (ಜಾಗವನ್ನು ತಾನೇ ಪಡೆಯುವ ಆಪ್ಷನ್) ಬಿಡಿ. ಇನ್‌ಪುಟ್ ಎಷ್ಟಿದೆ ಅಂತ ಡಿಎಫ್‌ಸಾರ್ಟ್‌ಗೆ ಗೊತ್ತಾಗದ ಕಡೆ ಫಿಲ್‌ಸೈಜ್‌ನಲ್ಲಿ ಅಂದಾಜು ಕೊಡಿ.

ರಾತ್ರಿಪಾಳಿ

ಎಲ್ಲರಿಗೂ ಥ್ಯಾಂಕ್ಸ್. ಕೋಬಾಲ್‌ಕೂಸು ಹೇಳಿದ್ದು ನಿಜ, ಎಫ್‌ಡಿಯಲ್ಲಿ ಆ ಸಾಲು ಇಲ್ಲ. ಪ್ರೋಗ್ರಾಂ ಬದಲಾಯಿಸಬೇಕೆಂದರೆ ಚೇಂಜ್ ರಿಕ್ವೆಸ್ಟ್, ಟೆಸ್ಟಿಂಗ್ ಎಲ್ಲ ಸೇರಿ ಎರಡು ವಾರ. ಅಲ್ಲಿಯವರೆಗೆ ಏನು ಮಾಡಲಿ? ಮ್ಯಾನೇಜರ್ ಪ್ರಕಾರ ಸೆಕೆಂಡರಿ 50 ಮಾಡಿದರೆ ಸಾಕು, ಪ್ರೋಗ್ರಾಂ ಮುಟ್ಟುವುದೇ ಬೇಡ.

ಖಾಲಿಜಾಗ

ನಿಮ್ಮ ಮ್ಯಾನೇಜರ್ ನನ್ನ ಮನುಷ್ಯ.

ಟ್ರ್ಯಾಕ್‌ಲೆಕ್ಕ

ಎರಡು ವಾರಕ್ಕೆ ಸರಿ. 50 ಬೇಡ, 20 ಸಾಕು. ಪ್ರೈಮರಿ ಐದು ತುಂಡಾಗಿ ಬಂದರೂ ಉಳಿದ 11 ಎಕ್ಸ್‌ಟೆಂಟಿಗೆ ಇಪ್ಪತ್ತಿಪ್ಪತ್ತು, 220. ಒಟ್ಟು 270. ಸೆಕೆಂಡರಿಯೂ ಒಡೆದು ಬರಬಹುದು. ಆದರೂ ನಿಮಗೆ ಬೇಕಾದದ್ದು 118 ಆಸುಪಾಸು, ಕೈಯಲ್ಲಿ ಬೇಕಾದಷ್ಟು ಉಳಿದಿರುತ್ತದೆ. ಯೂನಿಟ್‌ನಲ್ಲಿ ವಾಲ್ಯೂಮ್ ಸಂಖ್ಯೆ 3 ಅಂತ ಕೊಟ್ಟರೆ ಒಂದು ವಾಲ್ಯೂಮ್ ಮುಗಿದಾಗ ಮುಂದಿನದಕ್ಕೆ ಹೋಗುತ್ತದೆ. ಅಲ್ಲಿ ಮತ್ತೆ 16ರ ಲೆಕ್ಕ ಹೊಸದಾಗಿ ಶುರು.

ಆದರೆ ಅದನ್ನೇ ಶಾಶ್ವತ ಮಾಡುವುದಕ್ಕೆ ನನ್ನ ತಕರಾರಿದೆ. ಹದಿನಾಲ್ಕು ಸಿಲಿಂಡರಿನ ಡೇಟಾ ಇಡಲು 118 ಕೊಡುವುದು ಯಾವ ನ್ಯಾಯ? ಜಾಗ ಒಂದೇ ಅಲ್ಲ. ಫೈಲಿನಲ್ಲಿ ಬ್ಲಾಕ್ ಎಷ್ಟು ಅಂತ ನೋಡಿ. ಈಗ 1,38,000. ಸರಿಮಾಡಿದರೆ 396. ಒಂದೊಂದಾಗಿ ಹೊತ್ತು ಹಾಕುವ ಕೆಲಸಕ್ಕೆ ಸಿಪಿಯು, ಸಮಯ ಎಲ್ಲ ಹೋಗುತ್ತದೆ. ಮ್ಯಾನೇಜರ್‌ಗೆ ಜಾಗದ ಮಾತು ಬೇಡ, ಸಮಯದ ಮಾತು ಹೇಳಿ. ಅದು ಅವರಿಗೆ ಕೇಳಿಸುತ್ತದೆ.

ಡಾಸ್ಡಿದಾಸ

ಡೇಟಾ ಕ್ಲಾಸ್‌ನಲ್ಲಿ (ಫೈಲಿಗೆ ಅನ್ವಯಿಸುವ ಸೆಟ್ಟಿಂಗ್‌ಗಳು) ಸ್ಪೇಸ್ ಕನ್‌ಸ್ಟ್ರೇಂಟ್ ರಿಲೀಫ್ ಆನ್ ಮಾಡಿಸಿದರೆ ಇವೆಲ್ಲ ತಲೆನೋವೇ ಇಲ್ಲವಲ್ಲ?

ಟ್ರ್ಯಾಕ್‌ಲೆಕ್ಕ

ಐದು ತುಂಡಿನ ಮಿತಿ ಹೋಗುತ್ತದೆ. ಕೇಳಿದ್ದಕ್ಕಿಂತ ಸ್ವಲ್ಪ ಕಮ್ಮಿ ಕೊಟ್ಟಾದರೂ ಜಾಬ್ ಶುರುಮಾಡಿಸುತ್ತದೆ. ಆದರೆ ಸಾಮಾನ್ಯ ಸೀಕ್ವೆನ್ಷಿಯಲ್‌ನ 16 ಹಾಗೇ ಇರುತ್ತದೆ. ಇವರಂಥ ಕೇಸಿನಲ್ಲಿ ಪ್ರೈಮರಿ ಐದಕ್ಕಿಂತ ಜಾಸ್ತಿ ಚೂರಾಗಿ ಬಂದು ಇನ್ನೂ ಬೇಗ ಬೀಳಬಹುದು.

ಡಾಸ್ಡಿದಾಸ

ಅರೆ, ಅದು ಹೊಳೆದಿರಲಿಲ್ಲ. ಮಾತು ವಾಪಸ್.

ರಾತ್ರಿಪಾಳಿ

ಹತ್ತು ದಿನದ ನಂತರ ಅಪ್‌ಡೇಟ್.

ಟೆಸ್ಟ್‌ನಲ್ಲಿ ಬ್ಲಾಕ್ ಕಂಟೇನ್ಸ್ 0 ಹಾಕಿ, ಅದೇ 1,38,000 ರೆಕಾರ್ಡ್ ಓಡಿಸಿದೆ. ಬ್ಲಾಕ್ ಸೈಜ್ 27,920. ಬಳಸಿದ್ದು 198 ಟ್ರ್ಯಾಕ್. ಎಕ್ಸ್‌ಟಿ 1. ಪ್ರೈಮರಿಯಲ್ಲೇ ಹತ್ತಿರ ಹತ್ತಿರ ಮುಕ್ಕಾಲು ಪಾಲು ಉಳಿದು ಆರ್‌ಎಲ್‌ಎಸ್‌ಇಯಿಂದ ವಾಪಸ್ ಹೋಯಿತು. ಓದುವ ಪ್ರೋಗ್ರಾಂಗಳು ನಾಲ್ಕು ಇದ್ದವು. ಎರಡರಲ್ಲಿ ಸಾಲು ಇತ್ತು, ಎರಡರಲ್ಲಿ ಇರಲಿಲ್ಲ. ಎಚ್ಚರಿಸದಿದ್ದರೆ ಖಂಡಿತ ಸಿಕ್ಕಿಬೀಳುತ್ತಿದ್ದೆ.

ಟೈಮಿಂಗ್ ತೋರಿಸಿದ ಮೇಲೆ ಮ್ಯಾನೇಜರ್ ತಾವೇ ಚೇಂಜ್ ಅಪ್ರೂವ್ ಮಾಡಿದರು.

ಹಳೇಜೆಸಿಎಲ್

ಭೇಷ್. ಈಗ ಸೋರ್ಸ್ ಲೈಬ್ರರಿಯಲ್ಲಿ ಸರ್ಚ್ ಹಾಕಿ, ಸಾಲು ಇಲ್ಲದ ಪ್ರೋಗ್ರಾಂ ಇನ್ನೆಷ್ಟಿವೆ ನೋಡಿ.

ರಾತ್ರಿಪಾಳಿ

ನೋಡಿದೆ. 41.

ಹಳೇಜೆಸಿಎಲ್

ಒಂದೇ ಸಲ ಮುಟ್ಟಬೇಡಿ. ದೊಡ್ಡ ಫೈಲ್ ಬರೆಯುವವು ಮೊದಲು.

ಲೈಬ್ರರಿಯನ್_2

ನಮಸ್ಕಾರ, ಹೊಸದಾಗಿ ಸೇರಿದೆ. ನನ್ನ ಪಿಡಿಎಸ್‌ಗೆ ಸೇವ್ ಮಾಡಿದರೆ ಇ37 ಬರುತ್ತಿದೆ. ಕಂಪ್ರೆಸ್ ಕೊಟ್ಟೆ, ತುಂಬಾ ಹೊತ್ತಾಯಿತು ಮುಗಿದಿಲ್ಲ. ಕ್ಯಾನ್ಸಲ್ ಮಾಡಲಾ?

ಟ್ರ್ಯಾಕ್‌ಲೆಕ್ಕ

ಬೇಡ!! ಕಂಪ್ರೆಸ್ ಅದೇ ಜಾಗದಲ್ಲಿ ಮೆಂಬರ್‌ಗಳನ್ನು ಸರಿಸುತ್ತಿರುತ್ತದೆ. ಮಧ್ಯದಲ್ಲಿ ನಿಲ್ಲಿಸಿದರೆ ಲೈಬ್ರರಿ ಹಾಳಾಗಬಹುದು. ಮುಗಿಯಲು ಬಿಡಿ.

ಹಳೇಜೆಸಿಎಲ್

ಮುಗಿದ ಮೇಲೆ ಹೊಸ ಥ್ರೆಡ್ ತೆರೆಯಿರಿ. ಬರುವಾಗ ಎಕ್ಸ್‌ಟಿ ಎಷ್ಟು ಅಂತ ನೋಡಿಕೊಂಡು ಬನ್ನಿ.

ಲೈಬ್ರರಿಯನ್_2

ಸರಿ ಸರ್. ಕೀಬೋರ್ಡಿನಿಂದ ಕೈ ತೆಗೆದಿದ್ದೇನೆ.